ಟಂಟಂ ಏರಿದ ಟಿವಿ

(ಕಲಬುರಗಿಯ ಸೂಪರ್ ಮಾರ್ಕೆಟ್. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಕಮಲಾಪುರದ ರೈತನೊಬ್ಬ 43 ಇಂಚಿನ ಟಿವಿ ಸಮೇತ ಟಂಟಂನಿಂದ ಇಳಿಯುತ್ತಾನೆ.)

ರೈತ: ಸಾವ್ಕಾರ್ರೆ, ಇದನ್ನ ವಾಪಸ್ ತಗೋರಿ.

ಅಂಗಡಿಯವ: ಯಾಕ್ರೀ ಕಾಕಾ, ಕೆಟ್ಟೋಗ್ಯಾದೇನು?

ರೈತ: ಛಲೋ ಅದ. ಜಿಎಸ್‌ಟಿ 28ರಿಂದ 18ಕ್ಕ ಇಳೀತಂತ ಇದೇ ಹೇಳ್ತು. ಗಣೇಶನ ಹಬ್ಬಕ್ಕ 32,000 ಕೊಟ್ಟೀನಿ. ಇವತ್ತೆಷ್ಟು?

ಅಂಗಡಿಯವ: 29,500.

ರೈತ: ಹಂಗಾದ್ರ ಇದನ್ನ ಇಟ್ಕೊಂಡು, ಇದನ್ನೇ ಹೊಸಾ ರೇಟಿಗೆ ಕೊಡ್ರಿ. ನಿಮಗ ಹೊರೋ ತ್ರಾಸೂ ಇಲ್ಲ.

ಅಂಗಡಿಯವ: ಆವತ್ತಿನ ತೆರಿಗಿ ಸರ್ಕಾರಕ್ಕ ಹೋಗ್ಯಾದ. ನಿಮ್ಮೂರ ಕೆಂಪು ಬಾಳಿಹಣ್ಣು ಒಯ್ದಿದ್ದೆ. ಇವತ್ತ ಅಗ್ಗ ಆದ್ರ ವಾಪಸ್ ತಗೋತೀರೇನು?

ರೈತ: ತಿಂದ ಹಣ್ಣು ಹ್ಯಾಂಗ ತಗೋಲಿ?

ಅಂಗಡಿಯವ: ನೋಡಿದ ಟಿವಿ ನಾ ಹ್ಯಾಂಗ ತಗೋಲಿ?

ರೈತ: ಧಾರಾವಾಹಿ ನೋಡಿದ್ದು ನನ್ನ ಹೆಂಡ್ತಿ. ನಾ ಬರೇ ತೊಗರಿ ರೇಟು ನೋಡೀನಿ.

ಅಂಗಡಿಯವ: ನೆಹರೂ ಗಂಜಿನ್ಯಾಗ ತೊಗರಿ ಮಾರಿದ ಮ್ಯಾಲ ರೇಟು ಏರಿದ್ರ, ಚೀಲ ವಾಪಸ್ ಕೊಡ್ತಾರೇನು?

ರೈತ: ಅಲ್ಲಿ ಬಾಯಿ ತೆರೀಲಾಕ ಆಗಲ್ಲಂತನೇ ಇಲ್ಲಿ ಬಂದೀನ್ರಿ!

ಅಂಗಡಿಯವ: ಸೆಕೆಂಡ್ ಹ್ಯಾಂಡ್ ಅಂದ್ರ 15,000 ಹಿಡೀತೀನಿ. ಮ್ಯಾಲ 14,500 ಹಾಕಿ ಹೊಸಾದು ಒಯ್ರಿ.

ರೈತ: 2,500 ಉಳಿಸ್ಲಾಕ 14,500 ಕೊಡ್ಲೇನು?

ಅಂಗಡಿಯವ: ದಿಲ್ಲಿಯವ್ರು ಇದಕ್ಕ ಉಳಿತಾಯ ಉತ್ಸವ ಅಂದಾರ. ಉತ್ಸವ ಅಂದ ಮ್ಯಾಲ ಹುಂಡಿಗಿ ಏನಾರೆ ಬೀಳಬೇಕಲ್ರಿ ಕಾಕಾ!