ಕೋಲಾಟದ ಆಂಟಿಯ ಮಂಡಿ

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿದವರಿಗೆ ಸಂಜೆ ಎರಡು ಸಂಗತಿ ಕಾದಿರುತ್ತವೆ. ಗಾಳಿ ತಿರುಗಿದರೆ ಸೂಯೆಜ್ ಫಾರಂ ಕಡೆಯ ವಾಸನೆ, ತಿರುಗದಿದ್ದರೆ ಯಾವುದೋ ತಾರಸಿಯಿಂದ ಟಕಟಕ ಕೋಲಿನ ಸದ್ದು. ಸದ್ದು ಬರುವ ಮನೆಯ ಮೆಟ್ಟಿಲ ಬುಡದಲ್ಲಿ 16 ಜೊತೆ ಲೇಡೀಸ್ ಚಪ್ಪಲಿ ಬಿದ್ದಿದ್ದರೆ ಮೇಲೆ ಕೋಲಾಟದ ಆಂಟಿ ಇದ್ದಾರೆಂದು ತಿಳಿಯಬೇಕು. ಕ್ರಾಸಿಗೊಬ್ಬರು ಇರುವುದರಿಂದ ಹೆಸರು ಹೇಳುವ ಅಗತ್ಯವಿಲ್ಲ.

ಆಂಟಿಗೆ ಅರವತ್ತರ ಆಸುಪಾಸು. ಬಿಪಿ ಇದೆ, ಮಂಡಿ ನೋವಿದೆ. ಆದರೆ ಆ ಮಂಡಿಗೆ ಒಳ್ಳೆಯ ವಿವೇಚನಾಶಕ್ತಿಯೂ ಇದೆ. ಅಡುಗೆಮನೆಯ ಕೆಳಗಿನ ಶೆಲ್ಫಿನಿಂದ ಬೇಳೆ ಡಬ್ಬ ತೆಗೆಯಬೇಕಾದರೆ ಅದು ಬಗ್ಗುವುದಿಲ್ಲ. ನಾದಿನಿ ಮನೆಯ ಎರಡನೇ ಮಹಡಿಯನ್ನು ಅದು ಹತ್ತಿ ವರ್ಷಗಳಾದವು. ಸಂಜೆ ಐದಕ್ಕೆ ಸ್ಪೀಕರಿನಲ್ಲಿ ಪದ ಶುರುವಾಗಲಿ, ಕೂತು, ಎದ್ದು, ಅರ್ಧ ಸುತ್ತು ತಿರುಗಿ ಹಿಂದಿನವರ ಕೋಲಿಗೆ ಹೊಡೆಯುವ ವರಸೆ ಸಲೀಸಾಗಿ ಬರುತ್ತದೆ. ಯಜಮಾನರು ಒಮ್ಮೆ ಈ ವೈರುಧ್ಯವನ್ನು ಎತ್ತಿ ತೋರಿಸಿದರು. ಆ ರಾತ್ರಿ ಮಂಡಿ ಬಹಳ ನೋವಾಗಿ ಮನೆಯಲ್ಲಿ ಬರೀ ಮೊಸರನ್ನವಾಯಿತು.

ಒಂದು ದಿನವೂ ತಪ್ಪಿಸುವಂತಿಲ್ಲ ಎನ್ನುವುದಕ್ಕೆ ಮಾತ್ರ ನಿಜವಾದ ಕಾರಣವಿದೆ. ಕೋಲಾಟ ಜೋಡಿಯ ಆಟ, ಒಬ್ಬರು ಬಾರದಿದ್ದರೆ ಇನ್ನೊಬ್ಬರು ಗಾಳಿಗೆ ಹೊಡೆಯಬೇಕು. ಜಡೆ ಕೋಲಾಟವಾದರಂತೂ ಮುಗಿಯಿತು. ಮೇಲಿನಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಒಬ್ಬೊಬ್ಬರು ಹಿಡಿದು, ಅರ್ಧ ಜನ ಬಲಕ್ಕೂ ಅರ್ಧ ಜನ ಎಡಕ್ಕೂ ಒಬ್ಬರನ್ನೊಬ್ಬರು ದಾಟುತ್ತ ಕುಣಿದರೆ ಜಡೆ ಹೆಣೆದುಕೊಳ್ಳುತ್ತದೆ. ಅಷ್ಟನ್ನೂ ತಿರುವುಮುರುವಾಗಿ ಕುಣಿದರೆ ಬಿಚ್ಚಿಕೊಳ್ಳುತ್ತದೆ. ನಡುವೆ ಒಬ್ಬರು ಕುಕ್ಕರ್ ಆಫ್ ಮಾಡಿದೆನೋ ಇಲ್ಲವೋ ಎಂದು ಯೋಚಿಸಿದರೆ ಸಾಕು, ಜಡೆ ಹೋಗಿ ಸಿಕ್ಕಾಗುತ್ತದೆ. ಆಮೇಲೆ ಅದು ಯಾರ ತಪ್ಪು ಎಂಬ ಪ್ರಶ್ನೆ ವಾಟ್ಸಾಪಿನಲ್ಲಿ ಮೂರು ದಿನ ಬಿಚ್ಚಿಕೊಳ್ಳುವುದಿಲ್ಲ.

ಹಾಗಾಗಿ ಈ ಮನೆಯ ಪಂಚಾಂಗ ಸಮಸಂಖ್ಯೆಯ ಮೇಲೆ ನಿಂತಿದೆ. ಮದುವೆ, ಗೃಹಪ್ರವೇಶ, ಹಲ್ಲಿನ ಡಾಕ್ಟರು ಎಲ್ಲವೂ ಐದರೊಳಗೆ ಮುಗಿಯಬೇಕು. ಯಾರಾದರೂ ಕೈಕೊಟ್ಟ ದಿನ, ಪೇಪರ್ ಓದುತ್ತ ಕೂತ ಯಜಮಾನರನ್ನೇ ಮೇಲಕ್ಕೆ ಕರೆಸಿಕೊಳ್ಳುತ್ತಾರೆ. “ರೀ, ನೀವೇನೂ ಕುಣೀಬೇಡಿ, ಸುಮ್ನೆ ಜಾಗದಲ್ಲಿ ನಿಂತ್ಕೊಂಡು ಕೋಲು ಕೊಡಿ ಸಾಕು.” ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲಟ್ಟಣಿಗೆ ಹಿಡಿದು ನಿಂತ ಆ ನಿವೃತ್ತ ಸರ್ಕಾರಿ ನೌಕರರನ್ನು ನಾನು ಎದುರು ಮನೆಯಿಂದ ನೋಡಿದ್ದೇನೆ. ತಾಳ ತಪ್ಪಿದ್ದನ್ನು ಕಂಡಿಲ್ಲ.

ಪ್ರಾಕ್ಟೀಸು ಒಂದು ಗಂಟೆ, ಆಮೇಲೆ ತಿಂಡಿ ಒಂದು ಗಂಟೆ. ಸರದಿಯ ಪ್ರಕಾರ ಬರುವ ಬೋಂಡ, ಚೌಚೌಬಾತಿನ ಮುಂದೆ ಕೋಲಾಟ ಕರಗಿಸಿದ್ದು ಎಷ್ಟರದು? ಕೇಳಿದರೆ ಆಂಟಿ ವಿಶ್ವ ಆರೋಗ್ಯ ಸಂಸ್ಥೆಯನ್ನೇ ಕರೆತರುತ್ತಾರೆ: ವಾರಕ್ಕೆ ಕನಿಷ್ಠ 150 ನಿಮಿಷ ಮೈ ಆಡಿಸಬೇಕು, ತಮ್ಮದು ಅದಕ್ಕಿಂತ ಎಷ್ಟೋ ಜಾಸ್ತಿ. ಅಮೆರಿಕದ ಮಗ ಕಳಿಸಿದ ಇನ್ನೊಂದು ಆಧಾರವೂ ಇದೆ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ 75 ದಾಟಿದ 469 ಜನರ ಮೇಲೆ ನಡೆದು, 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನ ಅದು. ಕುಣಿಯುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತಂತೆ. ಇದನ್ನು ಆಂಟಿ ಆವೇಶದಿಂದ ವಿವರಿಸುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿತು. ಯಜಮಾನರು ಅದೇ ಅಧ್ಯಯನವನ್ನು ಪೂರ್ತಿ ಓದಿ, ಓದುವುದರಿಂದಲೂ ಅದೇ ಲಾಭ ಕಂಡಿದೆ ಎಂದು ಪತ್ತೆಮಾಡಿ ಪೇಪರಿಗೆ ಮರಳಿದರು.

ನನ್ನನ್ನು ಕೇಳಿದರೆ, ಮಂಡಿ ವಿಷಯದಲ್ಲಿ ಕೋಲಾಟಕ್ಕಿಂತ ತಾರಸಿಯ ತಪ್ಪೇ ಹೆಚ್ಚು. ಕೋಲಾಟ ಹುಟ್ಟಿ ಬೆಳೆದದ್ದು ಊರ ಗುಡಿಯ ಮುಂದಿನ ಮಣ್ಣಿನಲ್ಲಿ. ಬರಿಗಾಲಲ್ಲಿ ಎಗರಿದರೆ ಮಣ್ಣು ಸ್ವಲ್ಪವಾದರೂ ತಗ್ಗುತ್ತದೆ, ಕಾಂಕ್ರೀಟು ತಗ್ಗುವುದಿಲ್ಲ. ಅದಕ್ಕಿಂತ ಭಯ ಹುಟ್ಟಿಸುವುದು ಕಾರ್ಯಕ್ರಮದ ದಿನದ ಆರೋಗ್ಯ ನೀತಿ. ನಾಲ್ಕಕ್ಕೆ ಕರೆದವರು ಎಂಟಕ್ಕೆ ವೇದಿಕೆ ಹತ್ತಿಸುತ್ತಾರೆ. ಅಷ್ಟು ಹೊತ್ತು ಜಡೆ, ಮೊಗ್ಗು, ಕಚ್ಚೆ ಸೀರೆ ಹೊತ್ತು ಕೂತಿರಬೇಕು, ಹತ್ತಿರದಲ್ಲಿ ಶೌಚಾಲಯವಿರುವುದಿಲ್ಲ. ಬಿಪಿ ಮಾತ್ರೆಗಳಲ್ಲಿ ಕೆಲವು ಮೈಯ ನೀರನ್ನು ಹೊರಗೆ ಓಡಿಸುವಂಥವು, ಆಂಟಿಯದು ಆ ಜಾತಿ. ಆದ್ದರಿಂದ ಅವತ್ತು ಮಾತ್ರೆಗೆ ರಜ, ನೀರಿಗೂ ರಜ. ನವರಾತ್ರಿಯಾದರೆ ಜೊತೆಗೆ ಉಪವಾಸ. ಇಷ್ಟೆಲ್ಲ ಮಾಡಿಕೊಂಡು, ಎಂದಾದರೂ ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ಕುಣಿದುಕೊಂಡು ಹೋಗುವ ಆಸೆ ಬೇರೆ.

ಹೋದ ಸಲ ಮಂಡಿ ನಿಜವಾಗಿಯೇ ಊದಿಕೊಂಡು ಡಾಕ್ಟರ ಹತ್ತಿರ ಹೋದರು.

“ಎರಡು ತಿಂಗಳು ಪೂರ್ತಿ ರೆಸ್ಟ್ ಕೊಡಿಮ್ಮ.”

“ಕೊಡ್ತೀನಿ ಡಾಕ್ಟ್ರೇ. ಯಾವ ಎರಡು ತಿಂಗಳು?”

ದಸರಾ ಮುಗಿದ ಮೇಲೆ ಎಂದರು ಡಾಕ್ಟರು. ದೀಪಾವಳಿ ಬಂತು, ಅದರ ಬೆನ್ನಿಗೇ ಕಾರ್ತಿಕದ ದೀಪೋತ್ಸವಗಳು. ಆಮೇಲೆ? ಧನುರ್ಮಾಸ, ಬೆಳಗಿನ ಜಾವದ ಭಜನೆ. ಸಂಕ್ರಾಂತಿ, ಶಿವರಾತ್ರಿ, ರಾಮನವಮಿ. ಆಷಾಢ? ಆಷಾಢ ಶುಕ್ರವಾರ ಬೆಟ್ಟದ ತಾಯಿಯನ್ನು ಬಿಡುವುದುಂಟೆ! ಶ್ರಾವಣ, ಗೌರಿ-ಗಣೇಶ ಹೇಳಲೇಬೇಕಿಲ್ಲ. ಡಾಕ್ಟರೂ ಮೈಸೂರಿನವರೇ. “ಪಿತೃಪಕ್ಷ?” ಎಂದರು. “ಪಿತೃಪಕ್ಷದಲ್ಲಿ ಒಂದೂ ಪ್ರೋಗ್ರಾಂ ಇಲ್ಲ ಡಾಕ್ಟ್ರೇ” ಎಂದರು ಆಂಟಿ. ಡಾಕ್ಟರ ಮುಖ ಅರಳಿತು. “ಬರೀ ಪ್ರಾಕ್ಟೀಸು. ಮುಂದೆ ದಸರಾ ಅಲ್ವೆ?”

ಡಾಕ್ಟರು ಪೆನ್ನು ಕೆಳಗಿಟ್ಟರು. ರೆಸ್ಟನ್ನು ಕೈಬಿಟ್ಟು, ತೂಕ ಇಳಿಸಿ, ಕೂತು ಏಳುವ ವರಸೆ ಬಿಡಿ, ತಾರಸಿಗೆ ದಪ್ಪ ಮ್ಯಾಟ್ ಹಾಕಿ, ಮಾತ್ರೆ ತಪ್ಪಿಸಬೇಡಿ, ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಚಾಚಿ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ, ಸದ್ಯಕ್ಕೆ ಒಂದು ನೀ-ಕ್ಯಾಪ್ ಹಾಕಿ ಎಂದರು. ಇದರಲ್ಲಿ ಆಂಟಿ ಒಪ್ಪಿಕೊಂಡದ್ದು ಎರಡು. ಕುರ್ಚಿಯದು, ಏಕೆಂದರೆ ಸೀರಿಯಲ್ ನೋಡುತ್ತ ಮಾಡಬಹುದು. ಇನ್ನೊಂದು ನೀ-ಕ್ಯಾಪು.

ಆ ಸಂಜೆ ವಾಟ್ಸಾಪಿನಲ್ಲಿ ಚರ್ಚೆ ಬಿಸಿಯಾಯಿತು. ಈ ಸಲದ ಸೀರೆ ಮೆರೂನ್, ಆಂಟಿಯ ನೀ-ಕ್ಯಾಪು ಕಪ್ಪು. “ಸೀರೆ ಒಳಗೆ ಯಾರಿಗೆ ಕಾಣತ್ತೆ?” ಎಂದ ಯಜಮಾನರಿಗೆ, ಕಚ್ಚೆ ಎತ್ತಿ ಕಟ್ಟಿದರೆ ಎಲ್ಲ ಕಾಣುತ್ತದೆ ಎಂಬ ಉತ್ತರ ಸಿಕ್ಕಿತು. ನೋವು ಇಲ್ಲದವರೂ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಸಾಲು ಚೆನ್ನಾಗಿ ಕಾಣುವುದಿಲ್ಲ ಎಂದು ತೀರ್ಮಾನವಾಯಿತು. ಈಗ ಯಜಮಾನರು ಸಯ್ಯಾಜಿರಾವ್ ರಸ್ತೆಯ ಮೆಡಿಕಲ್ ಶಾಪುಗಳಲ್ಲಿ ವಿಚಾರಿಸುತ್ತಿದ್ದಾರೆ: ಮೆರೂನ್ ಬಣ್ಣದ ನೀ-ಕ್ಯಾಪು, ಒಟ್ಟು 32, ಹೋಲ್‌ಸೇಲ್ ರೇಟಿಗೆ ಎಷ್ಟು ಬೀಳುತ್ತದೆ?