ಬೀಗ ತಲುಪಿದೆ, ಪುಸ್ತಕ ಬರಬೇಕಷ್ಟೇ

ಕ್ಯಾಮರೂನ್ ದೇಶದ ಎರಡನೇ ತರಗತಿಯಲ್ಲಿ ಓದು ಕಲಿಸುವ ಒಂದು ಪಠ್ಯಪುಸ್ತಕವನ್ನು ಹನ್ನೆರಡು ಮಕ್ಕಳು ಹಂಚಿಕೊಳ್ಳುತ್ತಿದ್ದರು, ಗಣಿತದ ಒಂದು ಪುಸ್ತಕವನ್ನು ಹದಿನಾಲ್ಕು ಮಕ್ಕಳು. 2016ರಲ್ಲಿ ಯುನೆಸ್ಕೊ ಕೊಟ್ಟ ಲೆಕ್ಕ ಇದು. ಯುನೆಸ್ಕೊದವರು ಇದನ್ನು ಬಡತನದ ಲೆಕ್ಕವೆಂದು ತಿಳಿದು ಮರುಗಿದರು. ಪುಸ್ತಕೋದ್ಯಮದ ಕನ್ನಡಕ ಹಾಕಿಕೊಂಡು ನೋಡಿದರೆ ಇದು ಅಪರಾಧದ ಲೆಕ್ಕ. ಒಂದು ಪ್ರತಿಗೆ ಒಬ್ಬನೇ ಬಳಕೆದಾರ ಎನ್ನುವುದು ಡಿಜಿಟಲ್ ಪುಸ್ತಕದ ಲೈಸೆನ್ಸಿನ ಮೂಲಮಂತ್ರ. ಆ ಲೆಕ್ಕದಲ್ಲಿ ಗಣಿತ ಪುಸ್ತಕದ ಮೇಲೆ ಬಗ್ಗಿದ ಹದಿನಾಲ್ಕು ತಲೆಗಳಲ್ಲಿ ಹದಿಮೂರು ಕಳ್ಳರವು. ಪುಸ್ತಕ ಕಾಗದದ್ದಾದ್ದರಿಂದ ಬಚಾವಾದರು. ತನ್ನನ್ನು ಎಷ್ಟು ಜನ ಓದುತ್ತಿದ್ದಾರೆಂದು ಹೋಗಿ ಚಾಡಿ ಹೇಳುವ ಬುದ್ಧಿ ಕಾಗದಕ್ಕೆ, ಪಾಪ, ಇಲ್ಲ.

ಈ ಕೊರತೆಯನ್ನು ನೀಗಿಸಲೆಂದೇ ಡಿಜಿಟಲ್ ಪಠ್ಯಪುಸ್ತಕ ಅವತರಿಸಿದೆ. ಅಚ್ಚಿನ ಖರ್ಚಿಲ್ಲ, ಲಾರಿ ಬೇಡ, ಗೋದಾಮು ಬೇಡ, ಗೆದ್ದಲಿನ ಭಯವಿಲ್ಲ. ಒಂದು ಪ್ರತಿ ತೆಗೆದರೂ ಒಂದು ಕೋಟಿ ಪ್ರತಿ ತೆಗೆದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಇಂಥದೊಂದು ಪವಾಡ ಕೈಗೆ ಸಿಕ್ಕಿದ ಕೂಡಲೇ ಬುದ್ಧಿವಂತರು ಮಾಡಿದ ಮೊದಲ ಕೆಲಸವೆಂದರೆ ಅದು ನಡೆಯದಂತೆ ತಡೆಯುವ ಏರ್ಪಾಡು. ಆ ಏರ್ಪಾಡಿಗೆ ಡಿಆರ್‌ಎಂ (ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್) ಎಂದು ಹೆಸರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಇವರು ಕೂಸು ಹುಟ್ಟುವ ಮುನ್ನವೇ ತೊಟ್ಟಿಲಿಗೆ ಬೀಗ ಜಡಿದು ಕೂತಿದ್ದಾರೆ. ಆಫ್ರಿಕಾದ ಮಕ್ಕಳಿಗೆ ಪುಸ್ತಕ ತಲುಪಿಸುವುದು, ಪುಸ್ತಕವನ್ನು ಕಳ್ಳರಿಂದ ಕಾಪಾಡುವುದು: ಹೀಗೆ ಎರಡು ಉದ್ದೇಶ ಹೇಳಿಕೊಂಡು ಸಭೆ ಸೇರುತ್ತಾರೆ. ಮೊದಲನೆಯದು ಸ್ವಾಗತ ಭಾಷಣದಲ್ಲೇ ಈಡೇರಿಬಿಡುತ್ತದೆ. ಊಟದ ತನಕ ಎರಡನೆಯದರದೇ ಮಾತು.

ಬೀಗ ಕೆಲಸ ಮಾಡುವುದು ಹೀಗೆ. ಪುಸ್ತಕದ ಫೈಲನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಒಂದು ಖಾತೆಗೂ ನೋಂದಾಯಿಸಿದ ಕೆಲವೇ ಸಾಧನಗಳಿಗೂ ಕಟ್ಟಿಹಾಕುತ್ತಾರೆ. ಕೆಲವು ಪುಸ್ತಕಗಳು ಆಗಾಗ ಸರ್ವರಿಗೆ ಹಾಜರಿ ಹಾಕಬೇಕು. ಪುಟ ನಕಲಿಸುವಂತಿಲ್ಲ, ಪ್ರಿಂಟ್ ತೆಗೆದರೆ ಇಷ್ಟೇ ಪುಟ, ಅವಧಿ ಮುಗಿದ ದಿನ ಪುಸ್ತಕ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಇದನ್ನು ರೂಪಿಸಿದವರ ಮನಸ್ಸಿನಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ. ಅವನಿಗೆ ಸ್ವಂತದ ಟ್ಯಾಬ್ಲೆಟ್ ಇದೆ, ಇ-ಮೇಲ್ ವಿಳಾಸ ಇದೆ, ಅಪ್ಪನ ಕ್ರೆಡಿಟ್ ಕಾರ್ಡ್ ಇದೆ, ಮನೆಯ ಮೂಲೆಯಲ್ಲಿ ವೈಫೈ ಮಿನುಗುತ್ತದೆ. ಇಷ್ಟೆಲ್ಲ ಇದ್ದೂ ಕದಿಯುವ ಚಾಳಿಯೊಂದು ಅವನಿಗಿದೆ. ಬೀಗ ಹುಟ್ಟಿದ್ದು ಅವನಿಗಾಗಿ.

ಅವನನ್ನು ಹುಡುಕುತ್ತ ಆಫ್ರಿಕಾಕ್ಕೆ ಹೋದರೆ ಬೇರೆಯವರೇ ಸಿಗುತ್ತಾರೆ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಯುನೆಸ್ಕೊ ಲೆಕ್ಕ ಹಾಕಿತು: ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ವಿದ್ಯಾರ್ಥಿಗಳಲ್ಲಿ ಶೇ 89 ಮಂದಿಯ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಶೇ 82 ಮಂದಿಯ ಮನೆಯಲ್ಲಿ ಇಂಟರ್ನೆಟ್ ಇಲ್ಲ. ಇರುವುದು ಅಮ್ಮನ ಫೋನು. ಅದು ಬೆಳಗಾದರೆ ಅಮ್ಮನ ಜೊತೆ ಸಂತೆಗೆ ಹೋಗುತ್ತದೆ. ಸಂಜೆ ಬಂದ ಮೇಲೆ ಮಕ್ಕಳ ಪಾಳಿ. ಅಕ್ಕ ಜೀವಶಾಸ್ತ್ರ ಓದಿ ಮುಗಿಸಿ ತಮ್ಮನ ಕೈಗೆ ಕೊಟ್ಟರೆ ಖಾತೆ ಬದಲಾಗಬೇಕು. ಅದಕ್ಕೆ ಒಟಿಪಿ ಬೇಕು, ಒಟಿಪಿಗೆ ಸಿಗ್ನಲ್ ಬೇಕು, ಸಿಗ್ನಲ್ ಇದ್ದರೂ ಪುಸ್ತಕ ಇಳಿಯಲು ರೀಚಾರ್ಜ್ ಬೇಕು. ಉಗಾಂಡ ಸರ್ಕಾರ 2018ರಲ್ಲಿ ವಾಟ್ಸಾಪ್, ಫೇಸ್‌ಬುಕ್ ಬಳಸುವವರ ಮೇಲೆ ದಿನಕ್ಕೆ 200 ಶಿಲಿಂಗ್ ತೆರಿಗೆ ಹಾಕಿತು. 2021ರಲ್ಲಿ ಅದನ್ನು ಬಿಟ್ಟು ಇಂಟರ್ನೆಟ್ ಡೇಟಾದ ಮೇಲೇ ಶೇ 12 ಹಾಕಿತು. ಶಿಕ್ಷಣಕ್ಕೂ ವೈದ್ಯಕೀಯಕ್ಕೂ ವಿನಾಯಿತಿ ಎಂದು ಕಾನೂನಿನಲ್ಲಿ ಬರೆದಿದೆಯಂತೆ. ಅಮ್ಮನ ಫೋನಿನಲ್ಲಿ ಯಾವ ಎಂಬಿ ಪಾಠದ್ದು, ಯಾವ ಎಂಬಿ ಹರಟೆಯದ್ದು ಎಂದು ಜರಡಿ ಹಿಡಿಯುವವರು ಯಾರೋ ಕಾಣೆ.

ಅಣ್ಣ ಓದಿದ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿ ತಮ್ಮನಿಗೆ ಕೊಡುವುದು, ತಮ್ಮನೂ ಓದಿದ ಮೇಲೆ ಅರ್ಧ ಬೆಲೆಗೆ ಮಾರುವುದು, ಇದನ್ನೆಲ್ಲ ನಾವು ಮಿತವ್ಯಯ ಎಂದುಕೊಂಡಿದ್ದೆವು. ಲೈಸೆನ್ಸ್ ಒಂದು ವರ್ಷದ್ದಾದರೆ ಡಿಜಿಟಲ್ ಪುಸ್ತಕಕ್ಕೆ ತಮ್ಮಂದಿರೇ ಇಲ್ಲ. ಕೊಂಡ ಪುಸ್ತಕ ನಮ್ಮದು ಎಂಬ ಹಳೆಯ ಭ್ರಮೆ ಇನ್ನೂ ಇದ್ದವರಿಗೆ 2009ರಲ್ಲಿ ಅಮೆಜಾನ್ ಪಾಠ ಹೇಳಿತು. ಹಕ್ಕಿನ ತಕರಾರೊಂದು ಬಂತೆಂದು, ಗಿರಾಕಿಗಳ ಕಿಂಡಲ್‌ನೊಳಗಿದ್ದ ಪುಸ್ತಕಗಳನ್ನು ರಾತ್ರೋರಾತ್ರಿ ದೂರದಿಂದಲೇ ಅಳಿಸಿಹಾಕಿತು. ಅಳಿಸಿದ ಪುಸ್ತಕಗಳಲ್ಲಿ ಜಾರ್ಜ್ ಆರ್ವೆಲ್‌ನ ‘1984’ ಕೂಡ ಒಂದು. ಕಂಪನಿಗಳೇ ಇಷ್ಟು ಚೆನ್ನಾಗಿ ಬರೆದರೆ ವ್ಯಂಗ್ಯ ಬರೆದು ಹೊಟ್ಟೆ ಹೊರೆಯುವವರು ಏನು ಮಾಡಬೇಕು? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಮಾರಿದ ಪುಸ್ತಕಗಳೂ ಮಾಯವಾದವು, ದುಡ್ಡು ಮಾತ್ರ ವಾಪಸಾಯಿತು.

ಹಾಗೆಂದು ಕಳ್ಳಪ್ರತಿ ಮಾಡುವವರನ್ನು ಬಡವರ ಬಂಧು ಎಂದು ಕರೆದು ಹಾರ ಹಾಕುವ ಉತ್ಸಾಹ ನನಗಿಲ್ಲ. ಲೇಗೋಸಿನ ಶೋಮೊಲು ಮುದ್ರಣಾಲಯಗಳ ಬಡಾವಣೆ, ಅಲ್ಲಿ ಪ್ರಾಮಾಣಿಕ ಕೆಲಸವೂ ನಡೆಯುತ್ತದೆ, ಬೇರೆಯದೂ ನಡೆಯುತ್ತದೆ. ನೈರೋಬಿಯ ರಿವರ್ ರೋಡ್ ನಕಲಿ ಮಾಲಿಗೆ ಹೆಸರುವಾಸಿ. ಅಲ್ಲಿನ ಸ್ವಾಹಿಲಿ ಲೇಖಕ, ಯೊರುಬಾ ಪಠ್ಯ ಬರೆದ ಮೇಷ್ಟರು ವರ್ಷಕ್ಕೊಮ್ಮೆ ಬರುವ ಪುಡಿ ರಾಯಲ್ಟಿಯನ್ನೇ ನಂಬಿದವರು. ನಕಲಿ ಪ್ರತಿ ಅವರ ತಟ್ಟೆಗೇ ಕೈ ಹಾಕುತ್ತದೆ. ಆದರೆ ಈ ಕಸುಬಿನವರು ಡಿಜಿಟಲ್ ಬೀಗದ ತಂಟೆಗೇ ಹೋಗಬೇಕಾಗಿಲ್ಲ. ಒಂದು ಅಸಲಿ ಪ್ರತಿ ಕೊಂಡು, ಬೆನ್ನು ಕತ್ತರಿಸಿ, ಸ್ಕ್ಯಾನ್ ಮಾಡಿ, ಪ್ಲೇಟ್ ತೆಗೆದು ಆಫ್‌ಸೆಟ್‌ಗೆ ಏರಿಸಿದರೆ ಆಯಿತು. ವಾಟ್ಸಾಪಿನಲ್ಲಿ ತಿರುಗುವ ಪಿಡಿಎಫ್‌ನ ಕತೆಯೂ ಅಷ್ಟೇ. ಲೋಕದಲ್ಲಿ ಯಾರಾದರೊಬ್ಬ ಬೀಗ ಒಡೆದರೆ ಸಾಕು, ಮಿಕ್ಕವರೆಲ್ಲರಿಗೂ ಬೀಗವಿಲ್ಲದ ಪುಸ್ತಕವೇ ಸಿಗುತ್ತದೆ. ಪ್ರತಿ ಸಲ ಪಾಸ್‌ವರ್ಡ್ ಒತ್ತುತ್ತ ಕೂರುವವನು ದುಡ್ಡು ಕೊಟ್ಟು ಕೊಂಡವನೊಬ್ಬನೇ.

ಕಳ್ಳತನದ ಮಾತು ಬಂದಿದೆ, ದೊಡ್ಡ ಮನೆಗಳಿಗೂ ಒಮ್ಮೆ ಹೋಗಿ ಬರೋಣ. ಆಫ್ರಿಕಾದಲ್ಲಿ ಶಾಲಾಪುಸ್ತಕದ ದೊಡ್ಡ ಗಿರಾಕಿ ವಿದ್ಯಾರ್ಥಿಯಲ್ಲ, ಸರ್ಕಾರ. ಅದಕ್ಕೆ ಸಾಲ ಕೊಡುವುದು ಎಷ್ಟೋ ಸಲ ವಿಶ್ವಬ್ಯಾಂಕು. ಆದ್ದರಿಂದ ಪುಸ್ತಕ ವ್ಯಾಪಾರದ ನಿಜವಾದ ಬಾಗಿಲು ಇರುವುದು ಟೆಂಡರ್ ತೆರೆಯುವ ಕೋಣೆಯಲ್ಲಿ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೀನ್ಯಾ ಮತ್ತು ಟಾಂಜಾನಿಯದ ಅಂಗಸಂಸ್ಥೆಗಳು ಪಠ್ಯಪುಸ್ತಕದ ಗುತ್ತಿಗೆಗಾಗಿ ಆ ಬಾಗಿಲಿಗೆ ಎಣ್ಣೆ ಬಿಟ್ಟಿದ್ದವು. ಸಂಸ್ಥೆ ತಾನೇ ಹೋಗಿ ವಿಷಯ ಒಪ್ಪಿಸಿತು ಎನ್ನುವುದನ್ನೂ ಹೇಳಬೇಕು. 2012ರ ಜುಲೈನಲ್ಲಿ ಬ್ರಿಟನ್ನಿನ ಗಂಭೀರ ವಂಚನೆಗಳ ತನಿಖಾ ಕಚೇರಿಗೆ ಸುಮಾರು 19 ಲಕ್ಷ ಪೌಂಡ್, ವಿಶ್ವಬ್ಯಾಂಕಿಗೆ 5 ಲಕ್ಷ ಡಾಲರ್ ಕಟ್ಟಿತು. ಅಂಗಸಂಸ್ಥೆಗಳೆರಡನ್ನೂ ಬ್ಯಾಂಕು ಮೂರು ವರ್ಷ ಹೊರಗಿಟ್ಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುವುದು ನಮ್ಮ ಕಡೆಯ ಮಾತು. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಬೆಲೆ ನಿಗದಿಯಾಗಿದೆ, ರಸೀದಿ ಕೊಡುತ್ತಾರೆ.

ಮುಂದಿನ ತಿಂಗಳೇ, ಅಂದರೆ 2012ರ ಆಗಸ್ಟಿನಲ್ಲಿ, ಅದೇ ಆಕ್ಸ್‌ಫರ್ಡ್ ಪ್ರೆಸ್ಸು ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳನ್ನು ಜೊತೆಗೂಡಿಸಿಕೊಂಡು ನಮ್ಮ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಪ್ರತಿವಾದಿಗಳು ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಆವರಣದ ಒಂದು ಜೆರಾಕ್ಸ್ ಅಂಗಡಿ, ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್. ಅಧ್ಯಾಪಕರು ಪಟ್ಟಿ ಮಾಡಿಕೊಟ್ಟ ಅಧ್ಯಾಯಗಳನ್ನು ವಿದ್ಯಾರ್ಥಿಗಳಿಗೆ ಹೊಲಿದು ಕೊಟ್ಟದ್ದು ಅಪರಾಧ. ಪುಸ್ತಕದ ನೈತಿಕತೆಯನ್ನು ಜಗತ್ತಿಗೆ ಕಲಿಸಲು ಹೊರಟವರು ಹಳೆಯ ರಸೀದಿಯ ಶಾಯಿ ಒಣಗುವಷ್ಟಾದರೂ ಕಾಯಬಹುದಿತ್ತು. 2016ರಲ್ಲಿ ಏಕಸದಸ್ಯ ಪೀಠ ದಾವೆಯನ್ನು ವಜಾ ಮಾಡಿತು, 2017ರಲ್ಲಿ ಪ್ರಕಾಶಕರು ಮೊಕದ್ದಮೆ ಹಿಂತೆಗೆದುಕೊಂಡರು. ಮ್ಯಾಕ್‌ಮಿಲನ್‌ನವರದು ಇನ್ನೊಂದು ಕತೆ. ದಕ್ಷಿಣ ಸುಡಾನಿನಲ್ಲಿ ಗುತ್ತಿಗೆಗಾಗಿ ಲಂಚ ಕೊಡಲು ಹೋಗಿ, ಗುತ್ತಿಗೆಯೂ ಸಿಗದೆ, 2010ರಲ್ಲಿ ವಿಶ್ವಬ್ಯಾಂಕಿನಿಂದ ಬಹಿಷ್ಕಾರ, 2011ರಲ್ಲಿ ಒಂದು ಕೋಟಿ ಪೌಂಡಿಗೂ ಮೀರಿದ ದಂಡ. ಈ ದುಡ್ಡಿಗೆಲ್ಲ ಯಾವ ಡಿಆರ್‌ಎಂ ಇತ್ತು?

ಕದಿಯಬೇಡಿ, ಕೇಳಿ ಪಡೆಯಿರಿ ಎನ್ನುವವರಿದ್ದಾರೆ. ಕೇಳಿಯೂ ಆಗಿದೆ. ಸ್ವಾತಂತ್ರ್ಯ ಪಡೆದ ಹೊಸತರಲ್ಲಿ ಆಫ್ರಿಕಾದ ದೇಶಗಳು, ಭಾರತದ ಮುಂದಾಳತ್ವದಲ್ಲಿ, ಶಿಕ್ಷಣಕ್ಕೆ ಬೇಕಾದ ಪುಸ್ತಕಗಳನ್ನು ಅನುವಾದಿಸಲು, ಮರುಮುದ್ರಿಸಲು ಸಲೀಸಾದ ಅವಕಾಶ ಕೊಡಿ ಎಂದು ಕೇಳಿದವು. 1967ರಲ್ಲಿ ಸ್ಟಾಕ್‌ಹೋಮಿನಲ್ಲಿ ಅದಕ್ಕೊಂದು ಒಪ್ಪಂದವೂ ಆಯಿತು. ಶ್ರೀಮಂತ ದೇಶಗಳ ಪ್ರಕಾಶಕರು ಹೌಹಾರಿದರು, ಒಪ್ಪಂದ ಜಾರಿಗೇ ಬರಲಿಲ್ಲ. 1971ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಬದಲಿಗೆ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯ ಒಪ್ಪಂದಕ್ಕೆ ಒಂದು ಅನುಬಂಧ ಕೊಟ್ಟರು. ಮರುಮುದ್ರಣಕ್ಕೆ ಪುಸ್ತಕ ಪ್ರಕಟವಾಗಿ 5 ವರ್ಷ ಕಾಯಬೇಕು, ವಿಜ್ಞಾನವಾದರೆ 3, ಕತೆ ಕವಿತೆಯಾದರೆ 7. ಕಾದ ಮೇಲೆ ಹಕ್ಕುದಾರನನ್ನು ಹುಡುಕಿ ಕೇಳಬೇಕು. ಅವನು ಒಪ್ಪದಿದ್ದರೆ ಅರ್ಜಿ, ಅರ್ಜಿಯ ಮೇಲೆ ಮತ್ತಷ್ಟು ತಿಂಗಳು. ಅಷ್ಟರಲ್ಲಿ ಅವನೇ ಸಾಧಾರಣ ಬೆಲೆಯ ಪ್ರತಿಯೊಂದನ್ನು ಮಾರುಕಟ್ಟೆಗೆ ಬಿಟ್ಟರೆ ಅರ್ಜಿ ಕಸದಬುಟ್ಟಿಗೆ. ಇಷ್ಟೆಲ್ಲ ದಾಟಿ ಅಚ್ಚು ಹಾಕಿದರೂ ಪಕ್ಕದ ದೇಶಕ್ಕೆ ಮಾರುವಂತಿಲ್ಲ. ಐವತ್ತು ವರ್ಷ ಕಳೆದರೂ ಈ ಸೌಲಭ್ಯವನ್ನು ಬಳಸಿದವರು ಇಲ್ಲವೆನ್ನುವಷ್ಟು ಕಡಿಮೆ. ಅರ್ಜಿ ಹಾಕಿದ ಹುಡುಗ ಅನುಮತಿ ಬರುವ ಹೊತ್ತಿಗೆ ಮಗನನ್ನು ಶಾಲೆಗೆ ಸೇರಿಸಿರುತ್ತಾನೆ.

ನಿಯಮ ಎಲ್ಲರಿಗೂ ಒಂದೇ ಎನ್ನುವವರು ಅಮೆರಿಕದ ಕಡೆಗೂ ನೋಡಬೇಕು. ಕೃತಕ ಬುದ್ಧಿಮತ್ತೆಯ ಕಂಪನಿ ಆಂಥ್ರೊಪಿಕ್ 70 ಲಕ್ಷಕ್ಕೂ ಹೆಚ್ಚು ಕಳ್ಳಪ್ರತಿಗಳನ್ನು ಇಳಿಸಿಕೊಂಡಿತ್ತೆಂದು 2025ರಲ್ಲಿ ನ್ಯಾಯಾಲಯದ ಆದೇಶದಲ್ಲೇ ದಾಖಲಾಯಿತು. ಲೇಖಕರಿಗೆ 150 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಕಂಪನಿ ಒಪ್ಪಿಕೊಂಡಿತು. ಕಂಪಾಲಾದ ಹುಡುಗಿ ಒಂದು ಅಂಗರಚನಾಶಾಸ್ತ್ರದ ಪಿಡಿಎಫ್ ಇಳಿಸಿಕೊಂಡರೆ ಕಡಲ್ಗಳ್ಳಿ. ಎಪ್ಪತ್ತು ಲಕ್ಷ ಇಳಿಸಿಕೊಂಡರೆ ಉದ್ಯಮದ ಭವಿಷ್ಯ. ಅವಳ ತಪ್ಪು ಇಷ್ಟೇ, ಕಡಿಮೆ ಕದ್ದಳು.

ಪುಸ್ತಕ ತಲುಪಿಸುವ ಸರ್ಕಾರಗಳ ಸಾಹಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಫೋಟೊ ತೆಗೆಯುವ ತನಕದ ಕತೆ. ಕೀನ್ಯಾದಲ್ಲಿ 2013ರ ಚುನಾವಣೆಗೆ ಒಂದನೇ ತರಗತಿಯ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಎಂದರು, 2016ರ ಹೊತ್ತಿಗೆ ಅದು ಟ್ಯಾಬ್ಲೆಟ್ ಆಗಿ ಇಳಿಯಿತು. ನೈಜೀರಿಯದ ಒಸುನ್ ರಾಜ್ಯ 2013ರಲ್ಲಿ ಪಠ್ಯಪುಸ್ತಕಗಳನ್ನು ಮೊದಲೇ ತುಂಬಿಟ್ಟ ಟ್ಯಾಬ್ಲೆಟ್ ಹಂಚಲು ಹೊರಟಿತು. ಇಂಟರ್ನೆಟ್ ಬೇಡದ ಆ ಯೋಚನೆಯಲ್ಲಿ ಬುದ್ಧಿಯಿತ್ತು, ಒಪ್ಪೋಣ. ಆದರೆ ಎಲ್ಲ ಟ್ಯಾಬ್ಲೆಟ್ಟೂ ಒಂದು ದಿನ ಚಾರ್ಜರ್ ಕೇಳುತ್ತದೆ. ಚಾರ್ಜರ್ ಗೋಡೆಯಲ್ಲಿ ತೂತು ಕೇಳುತ್ತದೆ. ತೂತಿನಲ್ಲಿ ಕರೆಂಟು ಬರಬೇಕೆನ್ನುವುದು ಬೇರೆ ಇಲಾಖೆಯ ವಿಷಯ.

2012ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಲಿಂಪೊಪೊ ಪ್ರಾಂತ್ಯದಲ್ಲಿ ವರ್ಷದ ನಡುವಿನವರೆಗೂ ಮಕ್ಕಳಿಗೆ ಪಠ್ಯಪುಸ್ತಕ ಸಿಗಲಿಲ್ಲ. ಸೆಕ್ಷನ್ 27 ಎಂಬ ಸಂಸ್ಥೆ ಕೋರ್ಟಿಗೆ ಹೋಯಿತು. ಆಮೇಲೆ ಎಲ್ಲೆಲ್ಲೋ ಎಸೆದ ಪುಸ್ತಕಗಳ ರಾಶಿ ಪತ್ತೆಯಾಯಿತು. ಕದ್ದವರಲ್ಲ, ಎಸೆದವರು! ಇವರನ್ನು ತಡೆಯುವ ತಂತ್ರಾಂಶವನ್ನು ಯಾರೂ ಮಾರುತ್ತಿಲ್ಲ. ಪ್ರತಿ ಮಗುವಿಗೂ ಪ್ರತಿ ವಿಷಯದ ಪುಸ್ತಕ ಸಿಗುವುದು ಹಕ್ಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಬೇಕಾಯಿತು. ಅದೇ 2012ರಲ್ಲಿ ಸಿಯಾವುಲಾ ಎಂಬ ಸಂಸ್ಥೆಯ ಗಣಿತ, ಭೌತವಿಜ್ಞಾನದ ಪುಸ್ತಕಗಳನ್ನು ಸರ್ಕಾರವೇ ಅಚ್ಚು ಹಾಕಿಸಿ ಪ್ರೌಢಶಾಲೆಗಳಿಗೆ ಹಂಚಿತು. ಬರೆಯುವಾಗಲೇ ಖರ್ಚು ಭರಿಸಿ, ಬೇಕಾದವರು ನಕಲಿಸಿಕೊಳ್ಳಲಿ ಎಂದು ಮುಕ್ತ ಪರವಾನಗಿಯಲ್ಲಿ ಬಿಟ್ಟ ಪುಸ್ತಕಗಳವು. ನಮ್ಮಲ್ಲಿ ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಬಿಟ್ಟಿಯಾಗಿ ಸಿಗುತ್ತದಲ್ಲ, ಆ ತರಹ. ಕದಿಯಲು ಬಂದವನು ಇಂಥ ಪುಸ್ತಕದ ಮುಂದೆ ಪೆಚ್ಚಾಗುತ್ತಾನೆ. ಆದರೆ ಇದರಲ್ಲಿ ಬೀಗ ಮಾರುವವನಿಗೆ ಕಮಿಷನ್ ಇಲ್ಲ, ಆದ್ದರಿಂದ ಇದು ‘ಪರಿಹಾರ’ ಅಲ್ಲ.

ಅದೇ ದಕ್ಷಿಣ ಆಫ್ರಿಕಾದಲ್ಲಿ ಕುರುಡರು ಪುಸ್ತಕವನ್ನು ಅನುಮತಿಯಿಲ್ಲದೆ ಬ್ರೈಲ್‌ಗೆ ತಂದುಕೊಳ್ಳುವುದೂ 1978ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಉಲ್ಲಂಘನೆಯಾಗಿತ್ತು. ಇದು ಸಂವಿಧಾನಕ್ಕೆ ವಿರುದ್ಧ ಎಂದು ಸಂವಿಧಾನ ನ್ಯಾಯಾಲಯ 2022ರಲ್ಲಿ ಹೇಳಿದ ಮೇಲೆ ಅವರು ಓದುವುದು ಸಕ್ರಮವಾಯಿತು. ಶಿಕ್ಷಣಕ್ಕೆ ವಿನಾಯಿತಿ ಕೊಡುವ ತಿದ್ದುಪಡಿ ಮಸೂದೆಯನ್ನು ಸಂಸತ್ತು 2019ರಲ್ಲಿ ಒಪ್ಪಿತು. ಅಮೆರಿಕದ ಹಕ್ಕುದಾರರ ಕೂಟ ದೂರು ಕೊಟ್ಟಿತು, ವ್ಯಾಪಾರದ ರಿಯಾಯಿತಿಯನ್ನೇ ಮರುಪರಿಶೀಲಿಸುತ್ತೇವೆ ಎಂದು ಅಮೆರಿಕ ಕಣ್ಣು ಕೆಂಪಾಗಿಸಿತು. ಅಧ್ಯಕ್ಷ ರಾಮಫೋಸಾ 2020ರಲ್ಲಿ ಮಸೂದೆಯನ್ನು ಸಂಸತ್ತಿಗೆ ವಾಪಸು ಕಳಿಸಿದರು. 2024ರಲ್ಲಿ ಸಂಸತ್ತು ಮತ್ತೆ ಒಪ್ಪಿದಾಗ ಸಂವಿಧಾನ ನ್ಯಾಯಾಲಯಕ್ಕೆ ಕಳಿಸಿದರು.

ಇನ್ನೊಂದು ಲೆಕ್ಕ ಉಳಿದಿದೆ. ಬ್ರಿಟನ್ನಿನಲ್ಲಿ ಪುಸ್ತಕದ ಮೇಲೆ ವ್ಯಾಟ್ ಸೊನ್ನೆ, 2020ರ ಮೇ ತಿಂಗಳಿಂದ ಇ-ಪುಸ್ತಕಕ್ಕೂ ಸೊನ್ನೆ. ದಕ್ಷಿಣ ಆಫ್ರಿಕಾದಲ್ಲಿ ಮೆಕ್ಕೆಜೋಳದ ಹಿಟ್ಟಿಗೂ ಕಂದು ಬ್ರೆಡ್ಡಿಗೂ ವ್ಯಾಟ್ ಇಲ್ಲ, ಪಠ್ಯಪುಸ್ತಕಕ್ಕೆ ಶೇ 15. ಕೀನ್ಯಾ 2013ರಲ್ಲಿ ಪುಸ್ತಕದ ಮೇಲೆ ಶೇ 16 ಹಾಕಿತು. ಕದ್ದ ಪುಸ್ತಕಕ್ಕೆ ಎರಡೂ ಕಡೆ ತೆರಿಗೆಯಿಲ್ಲ. ಓದುವ ಮಕ್ಕಳನ್ನು ಕಳ್ಳರಿಂದ ಬಿಡಿಸಬೇಕೆಂಬ ಕಳಕಳಿ ನಿಜವಾಗಿದ್ದರೆ, ಸ್ವಾಮಿ, ಮೊದಲು ಆ ಶೇ 15, ಆ ಶೇ 16 ತೆಗೆಯಿರಿ. ಬೀಗದ ವಿಚಾರ ಆಮೇಲೆ ಮಾತಾಡೋಣ.