ನಗುವ ಬುರುಡೆ, ಕಡಿಯದ ಚೇಳು

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತು ಇರಲೇಬೇಕೆಂಬುದು 1971ರ ಕೀಟನಾಶಕ ನಿಯಮಗಳ ಕಟ್ಟಳೆ. ಅದರ ಕೆಳಭಾಗ ಕೆಂಪಾಗಿದ್ದರೆ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪಿಗೆ ಮಾತ್ರ ಬುರುಡೆ ಮತ್ತು ಅಡ್ಡ ಎಲುಬುಗಳ ಗೌರವ. ತೆಲಸಂಗದ ದ್ರಾಕ್ಷಿ ಪಡದಲ್ಲಿ ಎಣ್ಣೆ ಹೊಡೆಯುವವರು ಇದನ್ನು ತಲೆಕೆಳಗಾಗಿ ಓದಿಕೊಂಡರೆ ತಪ್ಪು ಅವರದಲ್ಲ: ಹಸಿರೆಂದರೆ ಹುಳವೂ ಲೆಕ್ಕಕ್ಕಿಡದ ಮಾಲು, ಕೆಂಪೆಂದರೆ ‘ಖಡಕ್ ಐತಿ’. ಬುರುಡೆಯಿಂದಲೂ ಸರಕಾರಕ್ಕೆ ಸಹಕಾರವಿಲ್ಲ. ಅದು ಸಾಲುಹಲ್ಲು ಕಿರಿದು ನಗುತ್ತದೆ. ಗೊಬ್ಬರದಂಗಡಿಯ ಉದ್ರಿ ಲೆಕ್ಕದ ನಡುವೆ ಹಾಗೆ ನಗುವುದು ಅದೊಂದೇ. ವಿದ್ಯುತ್ತಿನ ಟಿ.ಸಿ. ಕಂಬದ ಫಲಕದಲ್ಲೂ ಅದೇ ನಗು. ಆದರೆ ಡಬ್ಬಿಯೊಳಗಿನದು ನಗುವ ಮಾತಲ್ಲ: 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಅಡುಗೆ ಎಣ್ಣೆಯ ಬಿಸಿಯೂಟ ಉಂಡು 23 ಮಕ್ಕಳು ಸತ್ತರು.

ತಂಬಾಕಿಗೆ ಬಂದದ್ದು ಚೇಳು. 2009ರ ಮೇ 31ರಿಂದ ಪೊಟ್ಟಣಗಳಿಗೆ ಚಿತ್ರದ ಎಚ್ಚರಿಕೆ ಕಡ್ಡಾಯವಾದಾಗ ಸೇದುವವರಿಗೆ ಪುಪ್ಪುಸ, ಅಗಿಯುವವರಿಗೆ ಚೇಳು ಹಂಚಿಕೆಯಾಯಿತು. ಕ್ಯಾನ್ಸರಿನ ವಕಾಲತ್ತು ವಹಿಸಿದ್ದ ಆ ಚೇಳಿಗೆ ನಿಪ್ಪಾಣಿಯಂಥ ತಂಬಾಕಿನ ಪೇಟೆಯ ರೀತಿ ಗೊತ್ತಿರಲಿಲ್ಲ. ಬೀಡಿ ಕಟ್ಟು, ಕಡ್ಡಿಪೆಟ್ಟಿಗೆಗಳ ಮೇಲೆ ಪ್ರಾಣಿ, ದೇವರು, ಅಂಕಿ ಅಚ್ಚಾಗುವುದು ಅಕ್ಷರ ಬಾರದ ಗಿರಾಕಿಯೂ ತನ್ನ ಮಾಲು ಗುರುತಿಸಲೆಂದು. ಅಲ್ಲಿ ಹೊಸದಾಗಿ ಕಂಡ ಪ್ರಾಣಿ ಎಚ್ಚರಿಕೆಯಲ್ಲ, ಮಾರ್ಕು. ಹೀಗಾಗಿ ಗಿರಾಕಿಯ ಮುಂದೆ ಎರಡೇ ಊಹೆ: ಒಂದೋ ಒಳಗೆ ಚೇಳಿನ ಪುಡಿ ಬೆರೆಸಿದ್ದಾರೆ, ಇಲ್ಲವೇ ಚೇಳು ಕಡಿದಷ್ಟು ಚುರುಕಾಗಿದೆ. ಎರಡನೆಯದು ಹೊಗಳಿಕೆ, ಅಭ್ಯಾಸ ಬಲಿತವರಿಗೆ ಮೊದಲನೆಯದೂ ಹೊಗಳಿಕೆಯೇ. ಊರಲ್ಲಿ ನಿಜವಾದ ಚೇಳು ಕಂಡರೆ ಮಂದಿಯ ಕೈ ನೇರ ಚಪ್ಪಲಿಗೆ ಹೋಗುತ್ತದೆ. ಈ ಚೇಳನ್ನು ಮಾತ್ರ ಕೊಂಡಿ ಕಡೆಯಿಂದ ಹಲ್ಲಲ್ಲಿ ಕಚ್ಚಿ ಹರಿದು, ಪುಡಿ ತುಟಿಯ ಸಂದಿಗೆ ಸೇರಿಸಿ, ಉಳಿದ ಚೇಳನ್ನು ಚರಂಡಿಗೆ ಬಿಡುತ್ತಿದ್ದರು.

2011ರ ಡಿಸೆಂಬರಿನಲ್ಲಿ ಚಿತ್ರಗಳು ಬದಲಾದವು. ಸಿಗರೇಟಿನ ಮೇಲಿನ ಹೊಸ ಮಬ್ಬು ಮುಖ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಾನ್ ಟೆರಿಯದೇ ಎಂದು ಮರುತಿಂಗಳೇ ಗದ್ದಲವೆದ್ದಿತು. 2016ರ ಏಪ್ರಿಲ್‌ನಿಂದ ಎಚ್ಚರಿಕೆ ಪೊಟ್ಟಣದ ಶೇ 85ರಷ್ಟು ಜಾಗ ಹಿಡಿಯಿತು. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಆ ನಿಯಮ ರದ್ದುಮಾಡಿತು; ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಸಿಗರೇಟು ಬಿಡಿಯಾಗಿ ಮಾರಬಾರದೆಂಬ ನಿಷೇಧ ರಾಜ್ಯದಲ್ಲಿದೆ, ಆದರೂ ಪಾನ್ ಅಂಗಡಿಯಲ್ಲಿ ‘ಒಂದು ಕೊಡ್ರಿ’ ಎನ್ನುವ ಗಿರಾಕಿಗೆ ಸಿಗುವುದು ಒಂದೇ. ಶೇ 85ರ ಚಿತ್ರ ದಿನವಿಡೀ ಅಂಗಡಿಯವನ ಕಡೆಗೇ ಮುಖ ಮಾಡಿರುತ್ತದೆ, ಅವನೋ ಸೇದುವುದಿಲ್ಲ.